ಹೈ ಅಲರ್ಟ್ ಅಂದರೆ ನಾವು ಏನು ಮಾಡಬೇಕು?

(ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೊಡ್ಡಪ್ಪ ಹಾಕಿದ ಫಾರ್ವರ್ಡ್‌ನಿಂದ ಶುರುವಾದ ಮಾತು.)

ದೊಡ್ಡಪ್ಪ: ‘ರಾಜ್ಯದಲ್ಲಿ ಹೈ ಅಲರ್ಟ್. ಜನ ಸೇರುವ ಜಾಗಗಳಲ್ಲಿ ಉಗ್ರರ ದಾಳಿ ಸಾಧ್ಯತೆ. ಸಾರ್ವಜನಿಕರು ಎಚ್ಚರದಿಂದಿರಿ.’ ಟಿವಿಯಲ್ಲೂ ಬಂದಿದೆ. ಶನಿವಾರ ಯಾರೂ ಮೆಜೆಸ್ಟಿಕ್ ಕಡೆ ಹೋಗಬೇಡಿ.

ನಾನು: ಇದರಲ್ಲಿ ಮೆಜೆಸ್ಟಿಕ್ ಎಲ್ಲಿದೆ ದೊಡ್ಡಪ್ಪ? ಶನಿವಾರ ಎಲ್ಲಿದೆ?

ದೊಡ್ಡಪ್ಪ: ಜನ ಸೇರುವುದು ಮೆಜೆಸ್ಟಿಕ್ಕಿನಲ್ಲಲ್ಲದೆ ನಿಮ್ಮ ಮನೆ ಹಿತ್ತಲಲ್ಲಾ?

ಅತ್ತೆ: ನಾನು ಚಿಕ್ಕಪೇಟೆಗೆ ಹೋಗಬೇಕು. ಹೋಗಲೋ, ಬೇಡವೋ?

ನಾನು: ಅದನ್ನೇ ಹೇಳಿಲ್ಲ ಅತ್ತೆ! ಮಳೆ ಎಚ್ಚರಿಕೆಯಲ್ಲಿ ಜಿಲ್ಲೆ, ದಿನ ಎರಡೂ ಇರುತ್ತೆ. ಮೀನುಗಾರರು ಕಡಲಿಗೆ ಇಳಿಯಬೇಡಿ ಅಂತಾನೂ ಇರುತ್ತೆ. ಇಲ್ಲಿ ‘ಎಚ್ಚರದಿಂದಿರಿ’ ಅಷ್ಟೇ. ಏನಾದರೂ ಆದರೆ ‘ಮೊದಲೇ ಹೇಳಿದ್ದೆವು’, ಆಗದಿದ್ದರೆ ‘ನಾವೇ ತಡೆದೆವು’. ಎರಡೂ ಕಡೆ ಎಚ್ಚರಿಕೆ ಕೊಟ್ಟವರದೇ ಗೆಲುವು.

ನ್ಯೂಜೆರ್ಸಿ ಅಕ್ಕ: ಇದನ್ನು ನಾವು ಒಂಬತ್ತು ವರ್ಷ ಅನುಭವಿಸಿದ್ದೇವೆ. ಉಗ್ರರ ದಾಳಿಯ ಅಪಾಯ ಎಷ್ಟಿದೆ ಅಂತ ತೋರಿಸಲು 2002ರಲ್ಲಿ ಇಲ್ಲಿ ಅಮೆರಿಕದಲ್ಲಿ ಐದು ಬಣ್ಣದ ಪಟ್ಟಿ ತಂದರು. ಹಸಿರು, ನೀಲಿ, ಹಳದಿ, ಕಿತ್ತಳೆ, ಕೆಂಪು; ಹಸಿರು ಅಂದರೆ ಅಪಾಯ ಕಡಿಮೆ, ಕೆಂಪು ಅಂದರೆ ಅತಿ ಹೆಚ್ಚು. 2011ರಲ್ಲಿ ಕಿತ್ತುಹಾಕುವವರೆಗೂ ದೇಶ ಒಂದು ದಿನವೂ ಹಸಿರಿಗಾಗಲಿ ನೀಲಿಗಾಗಲಿ ಇಳಿಯಲಿಲ್ಲ. 2003ರ ಫೆಬ್ರವರಿಯಲ್ಲಿ ಕಿತ್ತಳೆ ಮಾಡಿದರು. ಕಿಟಕಿ ಮುಚ್ಚಲು ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಇಟ್ಟುಕೊಳ್ಳಿ ಅಂದರು. ನಿಮ್ಮ ಭಾವ ನಾಲ್ಕು ಸುರುಳಿ ತಂದರು. ಇನ್ನೂ ಒಂದೂವರೆ ಉಳಿದಿದೆ 😄

ಚಿಕ್ಕಪ್ಪ: ನಗು ಸುಲಭ. ಸುಳಿವು ಬಂದರೂ ಬಾಯಿ ಮುಚ್ಚಿಕೊಂಡಿದ್ದರೆ ನೀವೇ ಉಗಿಯುತ್ತೀರಿ.

ನ್ಯೂಜೆರ್ಸಿ ಅಕ್ಕ: ಒಂದು ಸಲ ಸ್ಪಷ್ಟವಾಗಿ ಹೇಳಿದ್ದೂ ಇದೆ ಚಿಕ್ಕಪ್ಪ. 2004ರ ಆಗಸ್ಟ್‌ನಲ್ಲಿ ನಮ್ಮ ನ್ಯೂವಾರ್ಕಿನ ಪ್ರುಡೆನ್ಷಿಯಲ್ ವಿಮಾ ಕಂಪನಿಯ ಕಟ್ಟಡದ ಹೆಸರು ಹಿಡಿದೇ ಎಚ್ಚರಿಸಿದರು. ಆಮೇಲೆ ನೋಡಿದರೆ ಆ ಮಾಹಿತಿಯಲ್ಲಿ ಬಹುಪಾಲು ಮೂರು ವರ್ಷಕ್ಕೂ ಹಳೆಯದು. ಹಳೆಯದು ಅಂತ ಮೊದಲ ದಿನವೇ ಹೇಳಬಹುದಿತ್ತಲ್ಲ?

ನಾನು: ನಮ್ಮಲ್ಲೂ 2019ರ ಏಪ್ರಿಲ್‌ನಲ್ಲಿ ಹಾಗೇ ಆಯ್ತು. ತಮಿಳುನಾಡಿನ ರಾಮನಾಥಪುರಂನಲ್ಲಿ 19 ಉಗ್ರರಿದ್ದಾರೆ, ರೈಲುಗಳಿಗೆ ಬಾಂಬ್ ಅಂತ ಬೆಂಗಳೂರು ಪೊಲೀಸರಿಗೆ ಫೋನ್. ದಕ್ಷಿಣದ ರಾಜ್ಯಗಳಿಗೆಲ್ಲ ಪತ್ರ ಹೋಯ್ತು. ಫೋನ್ ಮಾಡಿದವನು ಅವಲಹಳ್ಳಿಯಲ್ಲಿದ್ದ ಮಾಜಿ ಸೈನಿಕ. ಎಲ್ಲ ಸುಳ್ಳು.

ಚಿಕ್ಕಪ್ಪ: ಶ್ರೀಲಂಕಾದ ಕೊಲಂಬೊದಲ್ಲಿ ಈಸ್ಟರ್ ದಿನ ಬಾಂಬ್ ದಾಳಿ ಆಗಿ ಐದೇ ದಿನ ಕಳೆದಿತ್ತು. ನೀನು ಪೊಲೀಸ್ ಆಗಿದ್ದರೆ ಪತ್ರ ಬರೆಯದೆ ಮಲಗುತ್ತಿದ್ದೆಯಾ?

ನಾನು: ಇಲ್ಲ, ನಾನೂ ಬರೆಯುತ್ತಿದ್ದೆ. ಪೊಲೀಸರಿಂದ ಪೊಲೀಸರಿಗೆ ಪತ್ರ ಹೋಗಲಿ, ಅದು ಅವರ ಕೆಲಸ. ಅದು ಟಿವಿಗೆ ಬಂದು, ಅಲ್ಲಿಂದ ದೊಡ್ಡಪ್ಪನ ಫೋನಿಗೆ ಬಂದು, ಶನಿವಾರ ಮೆಜೆಸ್ಟಿಕ್ ಆಗುತ್ತಲ್ಲ, ತಕರಾರು ಅಲ್ಲಿ.

ದೊಡ್ಡಪ್ಪ: ಕೊಲಂಬೊ ಅಂದೆಯಲ್ಲ, ಅದನ್ನೇ ನೋಡು. ಎಚ್ಚರಿಕೆ ಇತ್ತು, ಯಾರೂ ಕೇಳಲಿಲ್ಲ.

ನಾನು: ಅದು ಇಂಥ ಎಚ್ಚರಿಕೆ ಅಲ್ಲ ದೊಡ್ಡಪ್ಪ. ಏಪ್ರಿಲ್ 4ಕ್ಕೇ ಭಾರತ ಸುಳಿವು ಕೊಟ್ಟಿತ್ತು. 11ನೇ ತಾರೀಖಿನ ಅಲ್ಲಿನ ಪೊಲೀಸ್ ಪತ್ರದಲ್ಲಿ ಸಂಘಟನೆಯ ಹೆಸರು, ಮುಖಂಡನ ಹೆಸರು, ಚರ್ಚ್‌ಗಳು ಗುರಿ ಅನ್ನುವುದು ಎಲ್ಲ ಇತ್ತು. ಈಸ್ಟರ್ ಪೂಜೆಗೆ ಹೋದವರಿಗೆ ಮಾತ್ರ ಯಾರೂ ಹೇಳಲಿಲ್ಲ. ಅಲ್ಲಿನ ಪ್ರಧಾನಿಗೇ ಗೊತ್ತಿರಲಿಲ್ಲ! ನಮ್ಮ ನೆಲಮಂಗಲ ಕಡೆಯವರೂ ಸತ್ತರು. ಇಲ್ಲಿ ವೋಟು ಹಾಕಿ ನಾಲ್ಕು ದಿನ ಸುತ್ತಾಡಿ ಬರೋಣ ಅಂತ ಹೋಗಿದ್ದವರು. ಹೇಳಲೇಬೇಕಾದದ್ದನ್ನು ಮುಚ್ಚಿಟ್ಟರು. ಇಲ್ಲಿ ಹೇಳಲು ಏನೂ ಇಲ್ಲದಿದ್ದರೂ ಕೂಗುತ್ತಾರೆ.

ದೊಡ್ಡಪ್ಪ: ಹ್ಞೂಂ.

ದೊಡ್ಡಪ್ಪ: ಆದರೂ ನಾನು ಫಾರ್ವರ್ಡ್ ಅಳಿಸುವುದಿಲ್ಲ. ನಿಮ್ಮ ಮೇಲಿನ ಕಾಳಜಿಗೆ ಹಾಕಿದ್ದು.

ಚಿಕ್ಕಪ್ಪ: ನಿಮ್ಮ ಅತ್ತೆ ಎಲ್ಲಿ? ಅವರ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ.

ಅತ್ತೆ: ನೀವು ಜಗಳ ಮುಗಿಸುವಷ್ಟರಲ್ಲಿ ಚಿಕ್ಕಪೇಟೆಗೆ ಬಂದು ಸೀರೆನೂ ತಗೊಂಡಾಯ್ತು. ಇವತ್ತು ರಷ್ ಇಲ್ಲ.

ನ್ಯೂಜೆರ್ಸಿ ಅಕ್ಕ: ಯಾವ ಬಣ್ಣ ಅತ್ತೆ?

ಅತ್ತೆ: ಕಿತ್ತಳೆ.