ಹಳೆಯ ಟ್ರಾವೆಲ್ ಟ್ರೇಲರ್ ಕೊಳ್ಳಬೇಕೋ, ಹೊಸದನ್ನೋ: ಅಮೆರಿಕದ ಕನ್ನಡಿಗರ ಅನುಭವ ಹಂಚಿಕೆ

ಕೇಳಿಕೆ (ಕೊಲಂಬಸ್, ಓಹಾಯೊ)

ನಾವು ನಾಲ್ವರ ಕುಟುಂಬ, ಮಕ್ಕಳಿಬ್ಬರೂ ಚಿಕ್ಕವರು. ನಮ್ಮ ಟೊಯೊಟಾ ಹೈಲ್ಯಾಂಡರ್‌ಗೆ 5,000 ಪೌಂಡ್ ಎಳೆಯುವ ಸಾಮರ್ಥ್ಯವಿದೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮೂರು ಟ್ರಾವೆಲ್ ಟ್ರೇಲರ್‌ಗಳನ್ನು ಗುರುತಿಸಿಟ್ಟುಕೊಂಡಿದ್ದೇವೆ: 1994ರ 16 ಅಡಿಯ ಫೈಬರ್‌ಗ್ಲಾಸ್ ಅಚ್ಚಿನದು, 2007ರ 24 ಅಡಿಯ ನುಣುಪು ಗೋಡೆಯದು, 2021ರ 23 ಅಡಿಯದು. ಮೊದಲೆರಡರ ಬೆಲೆ ಹೆಚ್ಚುಕಡಿಮೆ ಒಂದೇ, ಮೂರನೆಯದಕ್ಕೆ ಅದರ ಎರಡರಷ್ಟು ಹೇಳುತ್ತಿದ್ದಾರೆ. ಹಿಂದಿನ ಕಾಲದವು ಗಟ್ಟಿ, ಈಗಿನವು ಕಳಪೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ಮುಂದೆ ಮಾರಿದಾಗ ಯಾವುದಕ್ಕೆ ಬೆಲೆ ಉಳಿಯುತ್ತದೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಿಷಿಗನ್‌ನಿಂದ

ಹಳೆಯದೆಲ್ಲ ಗಟ್ಟಿ ಎಂಬ ಮಾತನ್ನು ಮೊದಲು ಬದಿಗಿಡುವುದು ಒಳ್ಳೆಯದು. ಇಂದು ರಸ್ತೆಯಲ್ಲಿ ಕಾಣುವ ಹಳೆಯ ಟ್ರೇಲರ್‌ಗಳು ಉಳಿದುಕೊಂಡವು ಮಾತ್ರ. ಅವುಗಳ ಜೊತೆ ತಯಾರಾದ ಬಹುಪಾಲು ಟ್ರೇಲರ್‌ಗಳು ನೀರು ಕುಡಿದು, ಕೊಳೆತು, ಎಂದೋ ಗುಜರಿಗೆ ಹೋಗಿವೆ.

1934ರ ಬೌಲಸ್ ರೋಡ್ ಚೀಫ್ ಮತ್ತು 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ವಿಮಾನದ ಮೈಯಂತೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಕಟ್ಟಿದವು. ಆದರೆ ಯುದ್ಧಾನಂತರ ಸಾಮಾನ್ಯ ಕುಟುಂಬಗಳು ಕೊಂಡ ಟ್ರೇಲರ್‌ಗಳಲ್ಲಿ ಹೆಚ್ಚಿನವು ಸಣ್ಣ ಮರದ ರೀಪುಗಳ ಚೌಕಟ್ಟಿಗೆ ತೆಳು ಅಲ್ಯೂಮಿನಿಯಂ ತಗಡು ಹೊದಿಸಿದಂಥವು. ಅರವತ್ತರ ದಶಕದ ಅಂಥದೊಂದನ್ನು ನಾನು ಬಿಚ್ಚಿ ದುರಸ್ತಿ ಮಾಡಿದ್ದೇನೆ. ಕಿಟಕಿಯ ಕೆಳಗಿನ ತಗಡನ್ನು ಎತ್ತಿದಾಗ ಸ್ಕ್ರೂಗಳನ್ನು ತಿರುಗಿಸುವ ಅಗತ್ಯವೇ ಬೀಳಲಿಲ್ಲ, ಬೆರಳಲ್ಲಿ ಎಳೆದರೆ ಬಂದವು. ಅವು ಹಿಡಿದುಕೊಂಡಿದ್ದ ಮರ ಕಪ್ಪಗಾಗಿ, ಹಿಂಡಿದ ಕಾಫಿ ಚರಟದಂತೆ ಉದುರಿತು. ಹೊರಗಿನಿಂದ ನೋಡಿದರೆ ಆ ಗೋಡೆಯಲ್ಲಿ ಏನೂ ದೋಷ ಕಾಣುತ್ತಿರಲಿಲ್ಲ. ಆದರೂ ಆ ಕಾಲದ ರಚನೆಗೆ ಒಂದು ದೊಡ್ಡ ಗುಣವಿದೆ: ಮರಗೆಲಸ ಬಲ್ಲ ಯಾರಾದರೂ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಹೊಸ ರೀಪು ಕೂಡಿಸಬಹುದು. ಈ ಬಗೆಯ ರಚನೆ ಇಂದಿಗೂ ಅಗ್ಗದ ಟ್ರೇಲರ್‌ಗಳಲ್ಲಿ ಮುಂದುವರಿದಿದೆ. ಗೋಡೆಯ ಹೊರಮೈ ಅಡ್ಡಗೆರೆಗಳ ತಗಡಾಗಿದ್ದರೆ ಸಾಮಾನ್ಯವಾಗಿ ಅದೇ ಎಂದು ತಿಳಿಯಿರಿ.

ನೀವು ಹೇಳಿದ 2007ರ ನುಣುಪು ಗೋಡೆ ಬೇರೆಯೇ ಜಾತಿಯದು. ಸಾಮಾನ್ಯವಾಗಿ ಅದರಲ್ಲಿ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿನೊಳಗೆ ಫೋಮ್ ಹಲಗೆ ತುಂಬಿ, ಎರಡೂ ಬದಿಗೆ ತೆಳುವಾದ ಲುಆನ್ ಪ್ಲೈವುಡ್ಡನ್ನೂ ಹೊರಗೆ ಫೈಬರ್‌ಗ್ಲಾಸ್ ಹಾಳೆಯನ್ನೂ ಅಂಟಿಸಿ ಒತ್ತಿರುತ್ತಾರೆ. ಇಂಥ ಗೋಡೆ ಹಗುರ, ಶಾಖವನ್ನೂ ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ, ನೋಡಲೂ ಚೆಂದ. ಆದರೆ ಒಳಗೆ ನೀರು ಸೇರಿದರೆ ಪ್ಲೈವುಡ್ ಮೆತ್ತಗಾಗಿ ಅಂಟು ಬಿಟ್ಟುಕೊಳ್ಳುತ್ತದೆ, ಹೊರಹಾಳೆ ಉಬ್ಬುತ್ತದೆ. ಆಗ ಒಂದು ರೀಪು ಬದಲಿಸಿ ಕೆಲಸ ಮುಗಿಸಲು ಬರುವುದಿಲ್ಲ, ಇಡೀ ಗೋಡೆಯ ಮಾತಾಗುತ್ತದೆ. ಅದರ ಖರ್ಚು ಎಷ್ಟೋ ಸಲ ಟ್ರೇಲರಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಅದನ್ನು ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ. ಮೂಲೆಯಲ್ಲಿ ನಿಂತು, ಕೆನ್ನೆಯನ್ನು ಗೋಡೆಗೆ ಹತ್ತಿರ ತಂದು, ಉದ್ದಕ್ಕೂ ದೃಷ್ಟಿ ಹಾಯಿಸಿದರೆ ಅಂಗೈಯಗಲದ ಉಬ್ಬು ಕೂಡ ನೆರಳಾಗಿ ಕಾಣುತ್ತದೆ. ಈಚಿನ ಕೆಲವು ಮಾದರಿಗಳು ಲುಆನ್ ಬದಲು ಆಜ್‌ಡೆಲ್ ಎಂಬ ಮರವಿಲ್ಲದ ಹಾಳೆಯನ್ನು ಬಳಸುತ್ತವೆ, ಅದು ಕೊಳೆಯುವುದಿಲ್ಲ. 2021ರದರಲ್ಲಿ ಅದಿದೆಯೇ ಎಂದು ಕೇಳುವುದು ಸಾರ್ಥಕ.

ಚಾವಣಿಯ ಬಗ್ಗೆ ಒಂದು ಮಾತು. ಹಿಂದಿನ ಲೋಹದ ಚಾವಣಿಯ ಜಾಗಕ್ಕೆ ಈಗ ಹೆಚ್ಚಾಗಿ ರಬ್ಬರಿನಂಥ ಇಪಿಡಿಎಂ ಅಥವಾ ಟಿಪಿಒ ಹೊದಿಕೆ ಬಂದಿದೆ. ಹೊದಿಕೆ ಬಹುಕಾಲ ಬಾಳುತ್ತದೆ; ಮೊದಲು ಒಣಗಿ ಬಿರುಕು ಬಿಡುವುದು ಗಾಳಿಕಿಂಡಿಗಳ ಸುತ್ತಲಿನ ಮತ್ತು ಅಂಚಿನ ಸೀಲಂಟ್, ಅಂದರೆ ಸಂದುಗಳಿಗೆ ನೀರು ಇಳಿಯದಂತೆ ಹಚ್ಚುವ ಅಂಟು. ನಮ್ಮ ಕಡೆಯ ಚಳಿಗಾಲದಲ್ಲಿ ಆ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಅದನ್ನು ಇನ್ನಷ್ಟು ಅಗಲಿಸುತ್ತದೆ. ಏಣಿ ಹಾಕಿ ಮೇಲೆ ನೋಡಲು ಬಿಡದ ಮಾರಾಟಗಾರನ ಜೊತೆ ಚೌಕಾಸಿಗೆ ಕೂರಬೇಡಿ.

ಟೆಕ್ಸಾಸ್‌ನಿಂದ

ಅಚ್ಚಿನ ಫೈಬರ್‌ಗ್ಲಾಸ್ ಟ್ರೇಲರನ್ನು ನಾವು ಬಹಳ ವರ್ಷಗಳಿಂದ ಬಳಸುತ್ತಿರುವುದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಬಂದ ಬೋಲರ್ ಈ ಬಗೆಯನ್ನು ಜನಪ್ರಿಯಗೊಳಿಸಿತು. ಆಮೇಲೆ ಮಿನೆಸೋಟದ ಸ್ಕ್ಯಾಂಪ್, ಟೆಕ್ಸಾಸಿನ ಕಸೀಟಾ ಅದೇ ದಾರಿ ಹಿಡಿದವು. ದೋಣಿ ಕಟ್ಟುವ ವಿಧಾನದಲ್ಲೇ ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಎರಡು ಚಿಪ್ಪುಗಳನ್ನು ಅಚ್ಚು ಹಾಕಿ ಸೊಂಟದ ಮಟ್ಟದಲ್ಲಿ ಜೋಡಿಸುತ್ತಾರೆ. ಚಾವಣಿಗೂ ಗೋಡೆಗೂ ನಡುವೆ ಕೂಡುಗೆರೆಯೇ ಇಲ್ಲದ ಕಾರಣ ಸೋರುವ ಜಾಗಗಳು ಕಡಿಮೆ. ಮೂವತ್ತು ವರ್ಷ ಹಳೆಯದಕ್ಕೂ 2007ರ ದೊಡ್ಡ ಟ್ರೇಲರಿಗೂ ಒಂದೇ ಬೆಲೆ ಹೇಳುತ್ತಿರುವುದರ ಗುಟ್ಟು ಇದೇ. ಚೆನ್ನಾಗಿ ನೋಡಿಕೊಂಡರೆ ನೀವು ಕೊಟ್ಟ ಹಣದ ಬಹುಪಾಲು ಮಾರಿದಾಗ ವಾಪಸ್ ಬರುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳಬೇಡಿ. ಒಳಗಿನ ಕಪಾಟುಗಳನ್ನು ಎಷ್ಟೋ ಮಾದರಿಗಳಲ್ಲಿ ಚಿಪ್ಪಿನ ಮೂಲಕ ರಿವೆಟ್ ಹೊಡೆದು ನಿಲ್ಲಿಸಿರುತ್ತಾರೆ, ರಿವೆಟ್ ಸಡಿಲವಾದರೆ ಅಲ್ಲೇ ನೀರು ಜಿನುಗುತ್ತದೆ. ಚಿಪ್ಪು ಕೊಳೆಯದಿದ್ದರೂ ನೆಲದ ಹಲಗೆ ಮರದ್ದಾಗಿದ್ದರೆ ಅದು ಕೊಳೆಯಬಲ್ಲದು. ಬಾಗಿಲ ಬಳಿ ಮತ್ತು ಮಂಚದ ಕೆಳಗೆ ಹಿಮ್ಮಡಿ ಊರಿ ನಡೆದು ನೋಡಿ. ಸ್ಪ್ರಿಂಗಿನ ಬದಲು ರಬ್ಬರಿನಿಂದ ಕುಲುಕು ತಡೆಯುವ ಟಾರ್ಶನ್ ಆಕ್ಸಲ್‌ನೊಳಗಿನ ರಬ್ಬರ್ ಇಷ್ಟು ವರ್ಷಗಳಲ್ಲಿ ಕುಗ್ಗಿ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಹೊಸ ಆಕ್ಸಲ್‌ನ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ. 1994ರ ಗಾಡಿಯಾದ್ದರಿಂದ ನೀರಿನ ಕೊಳವೆಗಳು ಬೂದುಬಣ್ಣದ ಪಾಲಿಬ್ಯೂಟಿಲೀನ್ ಪ್ಲಾಸ್ಟಿಕ್ಕಿನವು ಆಗಿರಬಹುದು. ಎಪ್ಪತ್ತರ ದಶಕದ ಕೊನೆಯಿಂದ ತೊಂಬತ್ತರ ನಡುವಿನವರೆಗೆ ಅಮೆರಿಕದ ಮನೆಗಳಲ್ಲೂ ಟ್ರೇಲರ್‌ಗಳಲ್ಲೂ ಇದನ್ನು ಹಾಕುತ್ತಿದ್ದರು, ಒಡೆಯುವ ದೂರುಗಳು ಹೆಚ್ಚಾಗಿ ಕೈಬಿಟ್ಟರು. ಬದಲಿಗೆ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಹಾಕಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ನಾಲ್ವರಿಗೆ 16 ಅಡಿ ಇಕ್ಕಟ್ಟು ಎಂಬುದನ್ನು ಮುಚ್ಚಿಡುವುದಿಲ್ಲ. ಒಳಗೆ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಖಂಡಿತ ಕೂಗುತ್ತದೆ, ನಾವು ಒಲೆಯನ್ನು ಹೊರಗೇ ಇಟ್ಟು ಅಡುಗೆ ಮಾಡುತ್ತೇವೆ.

ಇಂಡಿಯಾನಾದಿಂದ

ನಾನು ಎಲ್ಕ್‌ಹಾರ್ಟ್ ಸುತ್ತಲಿನ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ವೃತ್ತಿಯಲ್ಲಿದ್ದೇನೆ. ಅಮೆರಿಕದ ಟ್ರೇಲರ್‌ಗಳಲ್ಲಿ ಬಹುಪಾಲು ಈ ಒಂದು ಸೀಮೆಯಲ್ಲೇ ತಯಾರಾಗುತ್ತವೆ. ಹೆಸರು ನೂರಾರು ಇದ್ದರೂ ಒಡೆತನ ಕೆಲವೇ ಕೈಗಳಲ್ಲಿದೆ: ಥಾರ್ ಸಂಸ್ಥೆ 1980ರಲ್ಲಿ ಏರ್‌ಸ್ಟ್ರೀಮನ್ನು ಕೊಂಡು ಆರಂಭವಾಯಿತು, 2001ರಲ್ಲಿ ಕೀಸ್ಟೋನ್ ಮತ್ತು 2016ರಲ್ಲಿ ಜೇಕೋ ಅದರ ಪಾಲಾದವು, ಫಾರೆಸ್ಟ್ ರಿವರ್ 2005ರಿಂದ ವಾರೆನ್ ಬಫೆಟ್ ಕಟ್ಟಿದ ಬರ್ಕ್‌ಷೈರ್ ಹ್ಯಾಥವೇ ಸಂಸ್ಥೆಯ ಅಡಿಯಲ್ಲಿದೆ. ಚಾಸಿ, ಆಕ್ಸಲ್, ಕಿಟಕಿ, ಫ್ರಿಜ್ ಎಲ್ಲವೂ ಹೆಚ್ಚುಕಡಿಮೆ ಅದೇ ಕೆಲವು ಪೂರೈಕೆದಾರರಿಂದ ಬರುತ್ತವೆ. ಹಾಗಾಗಿ ಹೊರಗೆ ಬರೆದ ಹೆಸರು ನೋಡಿ ಗುಣಮಟ್ಟ ಅಳೆಯುವುದು ಈಗ ಕಷ್ಟ. ವ್ಯತ್ಯಾಸ ಹುಟ್ಟುವುದು ಜೋಡಣೆಯ ಶ್ರದ್ಧೆಯಲ್ಲಿ.

2021ರಲ್ಲಿ ಆ ಶ್ರದ್ಧೆಗೆ ಸಮಯವೇ ಇರಲಿಲ್ಲ. ಕೋವಿಡ್ ಕಾಲದ ಬೇಡಿಕೆಯಿಂದಾಗಿ ಆ ವರ್ಷ ಎಲ್ಲ ಬಗೆಯ ಆರ್‌ವಿಗಳೂ (ಟ್ರೇಲರ್‌ಗಳೂ ಸೇರಿದಂತೆ ಮನೆಯಂಥ ಪ್ರವಾಸಿ ವಾಹನಗಳು) ಸೇರಿ ಸುಮಾರು 6 ಲಕ್ಷ ವಾಹನಗಳು ಕಾರ್ಖಾನೆಗಳಿಂದ ಹೊರಬಿದ್ದವು, ಅದೇ ದಾಖಲೆ. 2023ಕ್ಕೆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಭಾಗಗಳು ಸಿಗದೆ, ಹೊಸ ಕೆಲಸಗಾರರನ್ನು ಇಟ್ಟುಕೊಂಡು, ಓಡೋಡಿ ಕಟ್ಟಿದವು ಹಲವು. ಆದರೆ ಇದೇ ಕಾರಣಕ್ಕೆ ನಾನು ನಿಮಗೆ 2021ರದನ್ನು ಬೇಡ ಎನ್ನುವುದಿಲ್ಲ. ಕಾರ್ಖಾನೆಯ ಅವಸರದ ತಪ್ಪುಗಳು ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷಗಳಲ್ಲೇ ಹೊರಬರುತ್ತವೆ. ಮೊದಲ ಮಾಲೀಕರು ಅವನ್ನು ವಾರಂಟಿಯಲ್ಲಿ ಸರಿಪಡಿಸಿದ ದಾಖಲೆ ತೋರಿಸಿದರೆ ಅದು ಹೊಸದಕ್ಕಿಂತ ವಾಸಿ. ಅವರು ದುಬಾರಿ ಕಾಲದಲ್ಲಿ ದೀರ್ಘಾವಧಿ ಸಾಲ ತೆಗೆದು ಕೊಂಡಿದ್ದರೆ ಟ್ರೇಲರಿನ ಇಂದಿನ ಬೆಲೆಗಿಂತ ಉಳಿದ ಸಾಲವೇ ಹೆಚ್ಚಿರಬಹುದು, ಆಗ ಕೇಳುವ ಬೆಲೆ ಮಾರುಕಟ್ಟೆಯದಾಗಿರದೆ ಅವರ ಸಾಲದ್ದಾಗಿರುತ್ತದೆ. ವಾಹನಗಳ ಮಾರುಕಟ್ಟೆ ಬೆಲೆ ತಿಳಿಸುವ ಜೆ.ಡಿ. ಪವರ್‌ನ ಬೆಲೆಪಟ್ಟಿ ನೋಡಿ, ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ಬ್ಯಾಂಕಿನ ಹಕ್ಕು ಇದೆಯೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಕೆಲವು ಖಾಸಗಿ ಆರ್‌ವಿ ಪಾರ್ಕ್‌ಗಳು ಹತ್ತು ವರ್ಷಕ್ಕಿಂತ ಹಳೆಯ ಗಾಡಿಗಳನ್ನು ಒಳಗೆ ಬಿಡುವುದಿಲ್ಲ. 2007ರದಕ್ಕೆ ಬೆಲೆ ಬೀಳಲು ಇದೂ ಒಂದು ಕಾರಣ. ಚೊಕ್ಕವಾಗಿರುವ, ಮೊಟ್ಟೆಯಾಕಾರದ ಅಚ್ಚಿನ ಫೈಬರ್‌ಗ್ಲಾಸ್ ಟ್ರೇಲರ್‌ಗಳಿಗೆ ಎಷ್ಟೋ ಕಡೆ ವಿನಾಯಿತಿ ಸಿಗುತ್ತದೆ, ಸರ್ಕಾರಿ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಈ ತಕರಾರಿಲ್ಲ.

ಲೂಯಿಸಿಯಾನಾದಿಂದ

ಹುಡುಕಾಟ ಮುಂದುವರಿಸಿದರೆ 2005–06ರ ಬಿಳಿ ಬಣ್ಣದ, ಅಲಂಕಾರವಿಲ್ಲದ, ಅನುಮಾನ ಬರುವಷ್ಟು ಅಗ್ಗದ ಟ್ರೇಲರ್‌ಗಳು ಕಣ್ಣಿಗೆ ಬೀಳಬಹುದು. ಕತ್ರೀನಾ ಚಂಡಮಾರುತದ ನಂತರ ಅಮೆರಿಕದ ವಿಪತ್ತು ಪರಿಹಾರ ಸಂಸ್ಥೆ ಫೆಮಾ ಸಂತ್ರಸ್ತರಿಗೆ ಕೊಟ್ಟಿದ್ದ ಟ್ರೇಲರ್‌ಗಳಲ್ಲಿ ಮರದ ಹಲಗೆಗಳಿಂದ ಹೊಮ್ಮುವ, ಆರೋಗ್ಯಕ್ಕೆ ಹಾನಿಕರವಾದ ಫಾರ್ಮಾಲ್ಡಿಹೈಡ್ ಅನಿಲದ ಪ್ರಮಾಣ ಹೆಚ್ಚಿದ್ದುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡುಬಂದಿತ್ತು, ಆಮೇಲೆ ಅವನ್ನು ವಾಸಕ್ಕಲ್ಲ ಎಂಬ ಚೀಟಿ ಅಂಟಿಸಿ ಹರಾಜು ಹಾಕಿದರು. ಆ ಚೀಟಿ ಕಿತ್ತ ಗುರುತು ಬಾಗಿಲ ಬಳಿ ಇದೆಯೇ ನೋಡಿ. ಮಕ್ಕಳಿರುವ ಮನೆಯವರಿಗೆ ಇಷ್ಟು ಹೇಳಬೇಕೆನಿಸಿತು.

ನಾರ್ತ್ ಕೆರೊಲೈನಾದಿಂದ

ಎಲ್ಲರೂ ಗೋಡೆ, ಚಾವಣಿ ಎಂದರು. ತೂಕದ ಮಾತನ್ನು ಯಾರೂ ಎತ್ತಲಿಲ್ಲ. ಜಾಹೀರಾತಿನಲ್ಲಿ ಬರೆಯುವುದು ಖಾಲಿ ತೂಕ. ನೀರು, ಗ್ಯಾಸ್, ಬ್ಯಾಟರಿ, ಪಾತ್ರೆಪಗಡ, ಅಕ್ಕಿ ಬೇಳೆ ಎಲ್ಲ ತುಂಬಿದರೆ ಸಾವಿರ ಪೌಂಡ್ ಸೇರುವುದು ಮಾಮೂಲು. 40 ಗ್ಯಾಲನ್ ನೀರೇ 330 ಪೌಂಡ್ ದಾಟುತ್ತದೆ. ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕಾರಿನ ಹಿಂಭಾಗದ ಮೇಲೆ ಕೂರುತ್ತದೆ, ಅದರ ಜೊತೆಗೆ ನೀವು ನಾಲ್ವರೂ ಕಾರಿನಲ್ಲಿರುತ್ತೀರಿ. ಕಾರಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಹಳದಿ ಚೀಟಿಯಲ್ಲಿ ಬರೆದ, ಜನ ಮತ್ತು ಸಾಮಾನಿನ ಒಟ್ಟು ತೂಕದ ಮಿತಿಯೊಂದಿಗೆ ಇದನ್ನು ಹೋಲಿಸಿದರೆ 23–24 ಅಡಿಯ ಟ್ರೇಲರನ್ನು ಹೈಲ್ಯಾಂಡರ್‌ಗೆ ಕಟ್ಟುವುದು ನನ್ನ ಮಟ್ಟಿಗೆ ಸುರಕ್ಷಿತವಲ್ಲ. ಹದಿನಾರು ಅಡಿಯ ಫೈಬರ್‌ಗ್ಲಾಸಿನದು ಸಾಮಾನ್ಯವಾಗಿ ಖಾಲಿ 3,000 ಪೌಂಡಿನೊಳಗಿರುತ್ತದೆ. ಕಾರು ಬದಲಿಸುವ ಯೋಚನೆ ಇಲ್ಲದಿದ್ದರೆ ನಿಮ್ಮ ಪಟ್ಟಿಯಲ್ಲಿ ಉಳಿಯುವುದು ಅದೊಂದೇ.

ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ಆರು ವರ್ಷ ದಾಟಿದ ಟ್ರೇಲರ್ ಟೈರನ್ನು ಹೆದ್ದಾರಿಗೆ ಇಳಿಸಬೇಡಿ. ಸಾಧ್ಯವಾದರೆ ಮಳೆ ಬಂದ ಮರುದಿನ ನೋಡಲು ಹೋಗಿ, ಚುಚ್ಚಿ ಅಳೆಯುವ ತೇವಮಾಪಕವೊಂದನ್ನು ಜೊತೆಗಿಟ್ಟುಕೊಳ್ಳಿ. ಹೋಗುವ ಹಿಂದಿನ ರಾತ್ರಿಯೇ ಫ್ರಿಜ್ ಚಾಲೂ ಮಾಡಿಡಲು ಮಾರಾಟಗಾರರಿಗೆ ಹೇಳಿರಿ. ಗ್ಯಾಸಿನಲ್ಲಿ ನಡೆಯುವ ಹಳೆಯ ಬಗೆಯ ಫ್ರಿಜ್ ತಣ್ಣಗಾಗಲು ಹಲವು ಗಂಟೆ ಬೇಕು, ನೀವು ಹೋದ ಮೇಲೆ ಹಚ್ಚಿದರೆ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಅಂದು ತಿಳಿಯುವುದಿಲ್ಲ.