ಅಪ್‌ಡೇಟ್: ಪುದುಚೇರಿಯ ಬೊಟಿಕ್ ಹೋಟೆಲ್‌ಗೆ ಹೋಗಿ ಬಂದೆವು

ಅಪ್ಪ-ಅಮ್ಮನ ಜೊತೆ ವೈಟ್ ಟೌನ್‌ನ (ಪುದುಚೇರಿಯ ಹಳೇ ಫ್ರೆಂಚ್ ಬಡಾವಣೆ) ಸಣ್ಣ ಬೊಟಿಕ್ ಹೋಟೆಲ್‌ನಲ್ಲಿ (ಕೆಲವೇ ರೂಮು, ತನ್ನದೇ ಶೈಲಿ ಇರೋ ಹೋಟೆಲ್) ಉಳಿಯಬಹುದಾ, ಮಾಮೂಲಿ ದೊಡ್ಡ ಹೋಟೆಲೇ ವಾಸಿನಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸಣ್ಣದರಲ್ಲೇ ಉಳಿದೆವು.

ಫ್ರೆಂಚರ ಕಾಲದ ಹಳೇ ಮನೆ. ಲಿಫ್ಟ್ ಇಲ್ಲ, ಕಡಿದಾದ ಮರದ ಮೆಟ್ಟಿಲು. ಮೊದಲೇ ಫೋನ್ ಮಾಡಿ ಕೆಳಗಿನ ರೂಮನ್ನೇ ಕೇಳಿ ಅಂದಿದ್ದಿರಲ್ಲ, ಅದು ಲಕ್ಷ ರೂಪಾಯಿ ಮಾತು. ಗೋಡೆ ಎಷ್ಟು ದಪ್ಪ ಅಂದರೆ, ಅಮ್ಮ ಕಿಟಕಿ ಕಟ್ಟೆ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿದರು. ಆದರೆ ಆ ಕಿಟಕಿ ತೆರೆಯೋದು ಒಳಗಿನ ಅಂಗಳಕ್ಕೆ, ಅದರಾಚೆ ಅಡುಗೆಮನೆ. ಬೆಳಕು ಹರಿಯುವ ಮೊದಲೇ ಪಾತ್ರೆ ಸದ್ದು ಶುರು. ರಿಸೆಪ್ಷನ್‌ನಲ್ಲಿ ಹೇಳಿದರೆ ನಕ್ಕರು, ಅಷ್ಟೇ. ಅಷ್ಟು ದುಡ್ಡು ತಗೊಂಡು ಹೀಗೆ ಮಾಡಬಾರದು, ಅಲ್ವಾ?

ತಿಂಡಿಗೆ ಬ್ರೆಡ್ಡು, ಆಮ್ಲೆಟ್. ಅಪ್ಪ ಸುಮ್ನೆ ಎದ್ದು ಇಡ್ಲಿ ಹುಡುಕಿಕೊಂಡು ನೆಹರು ಸ್ಟ್ರೀಟ್ ಕಡೆ ಹೊರಟರು.

ಕಾರಲ್ಲಿ ಹೋಗೋರಿಗೆ: ಹೋಟೆಲ್‌ಗೆ ಪಾರ್ಕಿಂಗ್ ಇಲ್ಲ, ರಸ್ತೆ ಬದಿಯೇ ಗತಿ. ಬೀಚ್ ರೋಡ್‌ನಲ್ಲಿ ಸಂಜೆ 6ರಿಂದ ಬೆಳಗ್ಗೆ 7:30ರವರೆಗೆ ಗಾಡಿ ಬಿಡಲ್ಲ. ಹಾಗಾಗಿ ಊಟ ಮುಗಿಸಿ ಗಾಂಧಿ ಪ್ರತಿಮೆವರೆಗೆ ಅಪ್ಪ-ಅಮ್ಮ ಇಬ್ಬರೂ ಆರಾಮಾಗಿ ನಡೆದು ಬರುತ್ತಿದ್ದರು. ಮುಂದಿನ ಸಲವೂ ಇಂಥದ್ದೇ ಹೋಟೆಲ್, ಆದರೆ ಅಡುಗೆಮನೆಯಿಂದ ದೂರದ ರೂಮು.