ಬಡಿದು ಮಾಡಿದ ಕಬ್ಬಿಣದ ಮದುವೆ ಕಮಾನು: ಪೇಂಟ್ ಎದ್ದು ಬರ್ತದೆ, ಬಟ್ಟೆಗೆ ತುಕ್ಕಿನ ಕಲೆ

ಮಲ್ಪೆ ಕುಲುಮೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪನ ಕಾಲದ ಕುಲುಮೆ. ಮೊದಲು ಕತ್ತಿ, ಹಾರೆ ಮಾಡ್ತಿದ್ದೆವು. ಈಗ ಮೂರು ವರ್ಷದಿಂದ ಮದುವೆಯ ಕಮಾನು, ದೀಪದ ಕಂಬ, ಹೂ ತೂಗಿಸುವ ಬಳ್ಳಿ ಬಡಿದು ಬಾಡಿಗೆಗೆ ಕೊಡ್ತೇವೆ. ಬಳ್ಳಿಗೆ 12 ಎಂ.ಎಂ. ಚೌಕ ಸರಳು, ಎಲೆಗೆ 2 ಎಂ.ಎಂ. ತಗಡು. ಅಡಿಗೆ ತುಕ್ಕು ತಡೆಯುವ ಪ್ರೈಮರ್, ರೆಡ್ ಆಕ್ಸೈಡ್, ಎರಡು ಕೋಟ್, ಮೇಲೆ ಚಿನ್ನದ ಬಣ್ಣದ ಎನಾಮೆಲ್.

ನಾಲ್ಕು ಮದುವೆ ಮುಗಿಯುವಷ್ಟರಲ್ಲಿ ಪೇಂಟ್ ದೋಸೆಯ ಅಂಚಿನ ಹಾಗೆ ಎದ್ದು ಬರ್ತದೆ. ಕಳೆದ ತಿಂಗಳು ಕಡಲ ಕರೆಯ ಒಂದು ಮದುವೆಯಲ್ಲಿ ಮದುಮಗನ ತಾಯಿಯ ಕೆನೆ ಬಣ್ಣದ ಸೀರೆಗೆ ಕಲೆ ಆಯಿತು. ಹಣ ಕೊಟ್ಟೆವು, ಆದರೆ ಅವರ ಮುಖ ನೋಡಿ ಬಹಳ ಬೇಜಾರಾಯಿತು. ಮೂರು ಕಂಪೆನಿಯ ಪೇಂಟ್ ಹಚ್ಚಿ ನೋಡಿದ್ದೇನೆ. ಯಾವುದು ಒಳ್ಳೆಯದು ಹೇಳಿ.

ಬೈಕಂಪಾಡಿ ವೆಲ್ಡರ್:
ಪೇಂಟ್ ಬದಲಿಸುವುದು ಆಮೇಲೆ. ಎದ್ದು ಬಂದ ಒಂದು ಚೂರು ತೆಗೆದು ಮಗುಚಿ ನೋಡಿ. ಅದರ ಬೆನ್ನು ಯಾವ ಬಣ್ಣ ಉಂಟು? ತುಕ್ಕು ಮೊದಲು ಶುರುವಾಗುವುದು ಎಲ್ಲಿ, ಬಯಲು ಸರಳಿನಲ್ಲಾ ಅಥವಾ ಸುರುಳಿಗಳನ್ನು ಕೂಡಿಸಲು ಪಟ್ಟಿ ಸುತ್ತಿದ ಕಡೆಯಾ?

ಮಲ್ಪೆ ಕುಲುಮೆ:
ಟಾರ್ಚ್ ಹಾಕಿ ನೋಡಿದೆ. ಮೇಲೆ ಚಿನ್ನದ ಬಣ್ಣ, ನಡುವೆ ಕೆಂಪು, ಬೆನ್ನಿಗೆ ನೀಲಿಗಪ್ಪು, ಗಾಜಿನ ಹಾಗೆ ಹೊಳೀತದೆ. ಉಗುರಲ್ಲಿ ಒತ್ತಿದರೆ ಚಟ್ಟಂತ ಮುರೀತದೆ. ಮತ್ತೆ ಎರಡು ಸುರುಳಿ ಕೂಡುವ ಪಟ್ಟಿಯ ಅಡಿಯಿಂದ ಕಂದು ನೀರು ಗೆರೆ ಎಳೆದ ಹಾಗೆ ಇಳಿದಿದೆ. ಸೀರೆಗೆ ತಾಗಿದ್ದೂ ಅದೇ ಜಾಗ.

ಬೈಕಂಪಾಡಿ ವೆಲ್ಡರ್:
ಹಾಗಾದರೆ ನಿಮ್ಮ ಪೇಂಟ್ ಕಬ್ಬಿಣಕ್ಕೆ ಹಿಡಿದೇ ಇಲ್ಲ ಅಣ್ಣಾ. ಕಾಯಿಸಿದಾಗ ಕಬ್ಬಿಣದ ಮೇಲೆ ಕೂರುವ ಕರಿ ಹಕ್ಕಳೆ, ನಾವು ಸ್ಕೇಲ್ ಅಂತೇವೆ, ಅದಕ್ಕೆ ಹಿಡಿದಿದೆ. ಹಕ್ಕಳೆ ಬಿರುಕು ಬಿಟ್ಟಲ್ಲಿ ನೀರು ನುಗ್ಗಿ ಅಡಿಯಲ್ಲಿ ತುಕ್ಕು ಉಬ್ಬುತ್ತದೆ, ಪೇಂಟನ್ನೂ ಹೊತ್ತುಕೊಂಡು ಏಳ್ತದೆ. ಅದರ ಮೇಲೆ ನಮ್ಮ ಕಡಲ ಗಾಳಿಯ ಉಪ್ಪು. ಉಪ್ಪು ಕೂತ ಕಬ್ಬಿಣಕ್ಕೆ ಪೇಂಟ್ ಹೊಡೆದರೆ ಅದು ಪೇಂಟಿನ ಒಳಗಿದ್ದೇ ತೇವ ಎಳೆದುಕೊಳ್ತದೆ.

ಹಕ್ಕಳೆ ಪೂರ್ತಿ ಹೋಗಬೇಕು. ನಾಲ್ಕು ಹಲಗೆ ನಿಲ್ಲಿಸಿ ತಾರ್ಪಾಲು ಹಾಸಿದರೆ ತೊಟ್ಟಿ ಆಯಿತು. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ, ಬೇಕಾದರೆ ಎರಡು, ಮುಳುಗಿಸಿಡಿ. ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿದ ಮೇಲೆ ತಂತಿ ಬ್ರಷ್‌ನಲ್ಲಿ ತಿಕ್ಕಿ, ಅಡುಗೆ ಸೋಡಾದ ನೀರಲ್ಲಿ ಅದ್ದಿ, ಬಾವಿ ನೀರಲ್ಲಿ ತೊಳೆದು, ಕೂಡಲೇ ಬಿಸಿ ತಾಗಿಸಿ ಒಣಗಿಸಿ. ಕೈ ತಾಳುವಷ್ಟು ತಣಿದ ಕೂಡಲೇ ಪ್ರೈಮರ್. ಊಟ ಮಾಡಿ ಬರ್ತೇನೆ ಅಂತ ಬಿಟ್ಟರೆ ನಮ್ಮ ಹವೆಯಲ್ಲಿ ಅಷ್ಟರೊಳಗೆ ಕೆಂಪಾಗಿರ್ತದೆ. ಪ್ರೈಮರ್ ಎಪಾಕ್ಸಿಯದ್ದು ಹಾಕಿ, ಎರಡು ಡಬ್ಬ ಬೆರೆಸುವುದು.

ಪಟ್ಟಿಯ ವಿಷಯ ಬೇರೆ. ಎಲ್ಲ ಜೋಡಿಸಿ ಆದ ಮೇಲೆ ಪೇಂಟ್ ಹೊಡೆದರೆ ಪಟ್ಟಿಯ ಒಳಗೆ ಬ್ರಷ್ ಹೋಗುವುದಿಲ್ಲ, ನೀರು ಮಾತ್ರ ಹೋಗ್ತದೆ. ಬಿಡಿ ಭಾಗಕ್ಕೆ ಮೊದಲು ಪ್ರೈಮರ್ ಹೊಡೆದು ಬೋಲ್ಟ್ ಹಾಕಿ ಬಿಗಿಯಿರಿ, ಸಂದಿಗೆ ನೀರು ತಡೆಯುವ ಸೀಲೆಂಟ್ ತುಂಬಿ. ಕಾಯಿಸಿ ಸುತ್ತಿದ ಪಟ್ಟಿಯ ಚಂದ ಬೇರೆಯೇ, ನನಗೂ ಅದು ಇಷ್ಟ, ಆದರೆ ಅದನ್ನು ಹಾಲ್‌ನ ಒಳಗಿನ ಸಾಮಾನಿಗೆ ಇಟ್ಟುಕೊಳ್ಳಿ.

ಕಾಪು ಹುಡುಗ:
ಜಿ.ಐ. ಸರಳು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ತಂದು ಅದನ್ನೇ ಕಾಯಿಸಿ ಬಡಿದರೆ ಇಷ್ಟೆಲ್ಲ ಕೆಲಸ ತಪ್ಪುತ್ತದಲ್ಲಾ?

ಬೈಕಂಪಾಡಿ ವೆಲ್ಡರ್:
ಬೇಡ ತಮ್ಮಾ, ಖಂಡಿತ ಬೇಡ. ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಕಾವು ಅದಕ್ಕಿಂತ ಮೇಲೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ, ಎದೆ ಬಿಗಿತ. ಮೊದಲು ಬಡಿದು, ಆಮೇಲೆ ಗ್ಯಾಲ್ವನೈಸಿಂಗ್‌ಗೆ ಕೊಡಬೇಕು. ಅಲ್ಲಿ ಸುಮಾರು 450 ಡಿಗ್ರಿಯ ಸತುವಿನಲ್ಲಿ ಅದ್ದುತ್ತಾರೆ. ಕಂಬ ಪೈಪಿನದ್ದಾದರೆ ಎರಡೂ ತುದಿಗೆ ತೂತು ಇರಲೇಬೇಕು, ಬಾಯಿ ಮುಚ್ಚಿದ ಪೈಪು ಅದ್ದುವಾಗ ಒಡೆದು ಜೀವಕ್ಕೆ ಅಪಾಯ. ಸತುವಿನ ಮೇಲೆ ನೇರ ಎನಾಮೆಲ್ ನಿಲ್ಲುವುದಿಲ್ಲ, ಅಲ್ಲಿಗೂ ಎಪಾಕ್ಸಿ ಪ್ರೈಮರ್ ಬೇಕು.

ಕದ್ರಿ ಮಂಟಪ ಬಾಡಿಗೆ:
ನಾನು ಮಾಡುವವಳಲ್ಲ, ಬಾಡಿಗೆಗೆ ಕೊಡುವವಳು. ಕಲೆ ಆದ ಹತ್ತಿಯ ಪಂಚೆಗೆ ಲಿಂಬೆ ರಸ, ಉಪ್ಪು ಹಾಕಿ ಬಿಸಿಲಿಗಿಡಿ. ಬ್ಲೀಚ್ ಹಾಕಲೇಬೇಡಿ, ತುಕ್ಕಿನ ಕಲೆ ಇನ್ನೂ ಗಟ್ಟಿಯಾಗ್ತದೆ. ರೇಷ್ಮೆಯಾದರೆ ಉಜ್ಜದೆ ಡ್ರೈಕ್ಲೀನಿಂಗ್‌ಗೆ ಕೊಡಿ.

ಇನ್ನೊಂದು ಯಾರೂ ಹೇಳಲಿಲ್ಲ. ಬಾಳೆಗಿಡ ಕಟ್ಟಿದ ಕಂಬದಲ್ಲಿ ಕಪ್ಪು ಕಲೆ ನೋಡಿದ್ದೀರಾ? ಬಾಳೆಯ ಸೊನೆಯ ಒಗರು ಬರೀ ಕಬ್ಬಿಣಕ್ಕೆ ತಾಗಿದರೆ ಶಾಯಿಯ ಹಾಗೆ ಕಪ್ಪಾಗ್ತದೆ. ಹೂವಿನವರು ಬೈಂಡಿಂಗ್ ವಯರ್‌ನಲ್ಲಿ ಬಿಗಿದಾಗ ಪೇಂಟ್ ಗೀರ್ತದೆ, ಮಲ್ಲಿಗೆಗೆ ಚಿಮುಕಿಸಿದ ನೀರು ಆ ಗೀರಿಗೇ ಇಳಿಯುತ್ತದೆ. ನಾನು ಬಾಳೆ ನಾರಲ್ಲೇ ಕಟ್ಟಿ ಅಂತೇನೆ, ಬಾಳೆಗಿಡದ ಹಿಂದೆ ಒಂದು ಸುತ್ತು ಬಟ್ಟೆ. ಕಡಲ ಕರೆಯಿಂದ ಬಂದ ಸಾಮಾನನ್ನು ಅದೇ ದಿನ ಸಿಹಿನೀರಲ್ಲಿ ತೊಳೆದು ಹಲಗೆಯ ಮೇಲಿಡಬೇಕು. ಆ ಆಳಿನ ಮಜೂರಿ ಸೇರಿಸಿಯೇ ಬೀಚ್ ಮದುವೆಗೆ ಬಾಡಿಗೆ ಹೇಳಿ, ಯಾರೂ ಬೇಸರ ಮಾಡುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ತುಳುನಾಡಲ್ಲಿ ಮದುವೆ ಇಲ್ಲ, ಹೊಸತು ಬಡಿಯಲು ಅದೇ ಸಮಯ. ಪೇಂಟ್ ಮಾತ್ರ ಮಳೆ ಬಿಟ್ಟು ಬಿಸಿಲು ಬಂದ ಮೇಲೆ.

ಮಲ್ಪೆ ಕುಲುಮೆ:
ಐದು ವಾರ ಆಯಿತು, ಹೇಳಿಬಿಡ್ತೇನೆ. ಒಂದೇ ಅಳತೆಯ ಎರಡು ಎಲೆ ಮಾಡಿದೆ. ಒಂದು ಹಳೆಯ ಕ್ರಮ, ಒಂದು ವಿನೆಗರ್‌ನಲ್ಲಿ ಅದ್ದಿ ಎಪಾಕ್ಸಿ ಹಾಕಿದ್ದು. ಎರಡಕ್ಕೂ ಮೊಳೆಯಲ್ಲಿ ಒಂದೊಂದು ಗೀರು ಎಳೆದು, ಕಡಲಿಗೆ ಮುಖ ಮಾಡಿ ಗೋಡೆಗೆ ತೂಗಿಸಿ, ದಿನಾ ಬೆಳಿಗ್ಗೆ ಉಪ್ಪು ನೀರು ಚಿಮುಕಿಸಿದೆ. ಹಳೆಯದರಲ್ಲಿ ಗೀರಿನ ಎರಡೂ ಬದಿ ಬೆರಳಗಲ ಎದ್ದಿದೆ. ಹೊಸದರಲ್ಲಿ ಗೀರು ಮಾತ್ರ ಕೆಂಪು, ಪಕ್ಕದ ಪೇಂಟ್ ಉಗುರು ಹಾಕಿದರೂ ಅಲುಗುವುದಿಲ್ಲ. ಅಪ್ಪನಿಗೆ ತೋರಿಸಿದೆ. ಪಟ್ಟಿಗೆ ಬೋಲ್ಟ್ ಹಾಕುವುದು ಅವರಿಗೆ ಒಪ್ಪಿಗೆ ಇರಲಿಲ್ಲ, ಕೊನೆಗೆ ಬೋಲ್ಟಿನ ತಲೆಯನ್ನು ತಾವೇ ಹೂವಿನ ಹಾಗೆ ಬಡಿದು ಕೊಟ್ಟರು. ಕಮಾನಿನ ಉಳಿದ ಆರು ಭಾಗ ನಾಳೆ ತೊಟ್ಟಿಗೆ ಹಾಕ್ತೇನೆ.